ಅಕ್ರೊಪಾಂಗಿನ ಇಪ್ಪತ್ತು ಸೆಡಿ ಸಾಲ

ಆಂಟಿ ಅಮಾ ನನ್ನ ಗುರುತು ಹಿಡಿದರೋ ಇಲ್ಲವೋ ಅಂತ ಗೊತ್ತಾಗುವ ಮುಂಚೆಯೇ ಕೈಗೆ ನೀರಿನ ಲೋಟ ಬಂತು. ಮೊಮ್ಮಗ ತಟ್ಟೆಯಲ್ಲಿಟ್ಟು ತಂದುಕೊಟ್ಟ. ಅವರು ತೋರಿಸಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕುಡಿದೆ. ಲೋಟ ಒಳಗೆ ಹೋಯಿತು. ಆಮೇಲೆ ಅವರು ಸೊಂಟಕ್ಕೆ ಸುತ್ತಿದ ಬಟ್ಟೆ ಬಿಗಿಮಾಡಿಕೊಂಡು, ಪಂಚಾಯಿತಿಗೆ ಕೂತವರ ಮುಖ ಮಾಡಿ ಕೇಳಿದರು: “ಇಲ್ಲಿ ಎಲ್ಲ ಬೊಕೋ. ದಾರಿ ಸವೆಸಿ ಬಂದವಳು ನೀನು. ನಿನ್ನ ಮಿಷನ್ ಏನು?”

ಘಾನಾದ ಅಕಾನ್ ಜನರ ಮನೆಗೆ ಹೋದರೆ ಇದು ತಪ್ಪಿದ್ದಲ್ಲ. ಮೊದಲು ನೀರು, ಆಮೇಲೆ ‘ಅಮನ್ನೆ’. ಅಮನ್ನೆ ಅಂದರೆ ಬಂದ ಕಾರಣವೂ ಹೌದು, ದಾರಿಯ ಸುದ್ದಿಯೂ ಹೌದು. ಬೊಕೋ ಅಂದರೆ ನೆಮ್ಮದಿ, ತಂಟೆ ತಕರಾರಿಲ್ಲ. ನೀವು ಬರುವುದು ವಾರ ಮುಂಚೆಯೇ ಫೋನಿನಲ್ಲಿ ಗೊತ್ತಿರಲಿ, ನಿಮಗೋಸ್ಕರವೇ ಒಲೆ ಮೇಲೆ ಸಾರು ಕುದಿಯುತ್ತಿರಲಿ, ಅವರು ಕೇಳಲೇಬೇಕು. ನೀವೂ ಏನೂ ಗೊತ್ತಿಲ್ಲದವರಿಗೆ ಹೇಳುವ ಹಾಗೆ ಮೊದಲಿಂದ ಹೇಳಲೇಬೇಕು. ಈ ಅಮನ್ನೆಯನ್ನು ಅಲ್ಲಿಯವರು ಇಂಗ್ಲಿಷಿನಲ್ಲಿ ಹೇಳುವುದು ‘ಮಿಷನ್’ ಅಂತ. ಹಳೇ ಮಿಷನ್ ಕೇರಿಯ ನಟ್ಟನಡುವೆ ಕೂತು ‘ನಿನ್ನ ಮಿಷನ್ ಏನು’ ಅನ್ನಿಸಿಕೊಂಡರೆ ಯಾರಿಗಾದರೂ ನಗು ಬರಬೇಕು. ಅವತ್ತು ನನಗೆ ನಗುವೂ ಬರಲಿಲ್ಲ, ಉತ್ತರವೂ ಬರಲಿಲ್ಲ.

1994ರಲ್ಲಿ ಇದೇ ಅಂಗಳದಲ್ಲಿ ಇದೇ ಪ್ರಶ್ನೆಗೆ ನನ್ನ ಹತ್ತಿರ ಟೈಪ್ ಮಾಡಿದ ಉತ್ತರವಿತ್ತು. ಗಣಿತದ ಟೀಚರು, ಮೂರು ವರ್ಷದ ಅವಧಿ, ಎರಡು ದೇಶದ ಸಭೆಗಳ ನಡುವಿನ ವಿನಿಮಯ. ಅಡಿಯಲ್ಲಿ ಸೀಲು, ಸಹಿ. ನಾನು ಕಲಿಸುತ್ತಿದ್ದದ್ದು ಜೂನಿಯರ್ ಸೆಕೆಂಡರಿಯಲ್ಲಿ. ಆಗ ಅದಕ್ಕೆ ಎಲ್ಲರೂ ಜೆಎಸ್‌ಎಸ್ ಅನ್ನುತ್ತಿದ್ದರು. ಮನೆಗೆ ಬರೆದ ಮೊದಲ ಕಾಗದದಲ್ಲಿ ‘ಜೆಎಸ್‌ಎಸ್‌ನಲ್ಲಿ ಕೆಲಸ’ ಅಂತ ಬರೆದು, ಸುತ್ತೂರು ಮಠದವರು ಆಫ್ರಿಕಾದಲ್ಲೂ ಶಾಲೆ ತೆರೆದಿದ್ದಾರಾ ಅಂತ ಚಿಕ್ಕಪ್ಪನಿಂದ ಪ್ರಶ್ನೆ ಬಂದಿತ್ತು.

ನಾನು ಮಂಗಳೂರಿನ ಬಾಸೆಲ್ ಮಿಷನ್ ಸಭೆಯವಳು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿದ ಆ ಮಿಷನ್ 1834ರಲ್ಲಿ ನಮ್ಮ ಕರಾವಳಿಗೆ ಬಂತು. ಅದಕ್ಕೆ ಆರು ವರ್ಷ ಮೊದಲೇ ಈಗಿನ ಘಾನಾದ ಕರಾವಳಿಗೆ ಹೋಗಿತ್ತು. 1828ರಲ್ಲಿ ಅಲ್ಲಿ ಇಳಿದ ನಾಲ್ವರಲ್ಲಿ ಒಬ್ಬರೂ ಮೂರು ವರ್ಷಕ್ಕಿಂತ ಹೆಚ್ಚು ಬದುಕಲಿಲ್ಲ. ಆಮೇಲೆ ಬಂದ ಆಂದ್ರೆಯಾಸ್ ರೀಸ್ ಎಂಬ ಡೆನ್ಮಾರ್ಕಿನವನು ಕರಾವಳಿಯ ಸಹವಾಸವೇ ಬೇಡ ಅಂತ 1835ರಲ್ಲಿ ಗುಡ್ಡ ಹತ್ತಿ ಅಕ್ರೊಪಾಂಗಿಗೆ ಹೋಗಿ ಮನೆ ಕಟ್ಟಿದ. ಊರವರು ಅವನಿಗೆ ‘ಒಸಿಯಾದಾನ್’ ಅಂತ ಹೆಸರಿಟ್ಟರು, ಮನೆ ಕಟ್ಟುವವ ಅಂತ. ಇದೆಲ್ಲ ನಾನು ಓದಿ ತಿಳಿದದ್ದಲ್ಲ. ಟೀಚರ್ ಕೋಫಿ ಹೇಳಿದ್ದು. ಅವರ ಮಾತಿಗೆ ಆಮೇಲೆ ಬರುತ್ತೇನೆ.

ವಾಪಸ್ ಹೋದದ್ದು 2019ರ ಡಿಸೆಂಬರ್ ಕೊನೆಗೆ. ನಾನು ಅಲ್ಲಿಂದ ಬಂದದ್ದು 1997ರ ಡಿಸೆಂಬರ್. ಲೆಕ್ಕ ನೀವೇ ಮಾಡಿ. ಆ ಇಪ್ಪತ್ತೆರಡು ವರ್ಷದಲ್ಲಿ ಏಳು ವರ್ಷ ಕ್ರಿಸ್ಮಸ್ ಕಾರ್ಡು ಬರೆದೆ, 2004ಕ್ಕೆ ನಿಂತಿತು. ದೊಡ್ಡ ಕಾರಣವೇನಿಲ್ಲ, ಸೋಮಾರಿತನ. ಮನೆ ಬದಲಾಯಿಸಿದೆವು, ವಿಳಾಸದ ಪುಸ್ತಕ ಯಾವುದೋ ಪೆಟ್ಟಿಗೆಯ ತಳ ಸೇರಿತು, ಆ ಪೆಟ್ಟಿಗೆ ಅಟ್ಟ ಸೇರಿತು. ಕೊನೆಗೆ ನನ್ನ ಹಳೇ ವಿದ್ಯಾರ್ಥಿಯೊಬ್ಬ ಫೇಸ್‌ಬುಕ್ಕಿನಲ್ಲಿ ಹುಡುಕಿ ತೆಗೆದ. ಭಿನ್ನರಾಶಿ ಅಂದರೆ ಬೆವರುತ್ತಿದ್ದ ಹುಡುಗ, ಈಗ ಆಕ್ರಾದಲ್ಲಿ ಬ್ಯಾಂಕ್ ಅಧಿಕಾರಿ. “ಮೇಡಮ್, ಆಂಟಿ ಅಮಾ ಇನ್ನೂ ಗಟ್ಟಿ ಇದ್ದಾರೆ, ನಿಮ್ಮ ಮೇಲೆ ಏನೋ ದೂರು ಇದೆಯಂತೆ” ಅಂತ ಬರೆದ. ದೂರು ಏನು ಅಂತ ಅವನಿಗೂ ಗೊತ್ತಿರಲಿಲ್ಲ.

ಆಕ್ರಾದ ವಿಮಾನ ನಿಲ್ದಾಣಕ್ಕೆ ಹೊಸ ಟರ್ಮಿನಲ್ ಬಂದು ವರ್ಷ ಕಳೆದಿತ್ತು. ಎಲ್ಲೆಲ್ಲೂ ‘ಇಯರ್ ಆಫ್ ರಿಟರ್ನ್’ ಫಲಕಗಳು. ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರು 1619ರಲ್ಲಿ ವರ್ಜೀನಿಯಾಕ್ಕೆ ತಲುಪಿ ನಾನೂರು ವರ್ಷವಾಯಿತು ಅಂತ, ಅವರ ಮೊಮ್ಮಕ್ಕಳ ಮೊಮ್ಮಕ್ಕಳನ್ನು ವಾಪಸ್ ಕರೆಯುವ ವರ್ಷ ಅದು. ನನ್ನ ಮುಂದಿದ್ದ ಅಮೆರಿಕದ ಹೆಂಗಸು ‘ಅಕ್ವಾಬ’, ಅಂದರೆ ಸ್ವಾಗತ, ಅಂತ ಬರೆದ ಗೋಡೆ ಕಂಡದ್ದೇ ಅಳಲು ಶುರುಮಾಡಿದಳು. ಆ ಕರೆ ನನಗಲ್ಲ ಅಂತ ಗೊತ್ತು. ಆದರೂ ಹಳದಿ ಜ್ವರದ ಕಾರ್ಡು ಕೈಯಲ್ಲಿ ಹಿಡಿದು ಅವಳ ಹಿಂದೆ ನಿಂತಿದ್ದವಳಿಗೆ, ನಾನೂ ಒಂದು ಬಗೆಯಲ್ಲಿ ಹಿಂತಿರುಗಿದವಳೇ ಅಲ್ಲವಾ ಅನ್ನಿಸಿತು. ಅನ್ನಿಸಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ವಿದ್ಯಾರ್ಥಿ ಕಾರು ತರುತ್ತೇನೆ ಅಂದ. ನಾನು ಟ್ರೊಟ್ರೊದಲ್ಲೇ ಹೋಗುವುದು ಅಂತ ಹಟ ಹಿಡಿದೆ. ಟ್ರೊಟ್ರೊ ಅಂದರೆ ಸೀಟು ತುಂಬುವ ತನಕ ಹೊರಡದ ಹಳೇ ವ್ಯಾನು. ಅದರ ಕಂಡಕ್ಟರನಿಗೆ ‘ಮೇಟ್’ ಅನ್ನುತ್ತಾರೆ. ಮದೀನಾ ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಕಾದೆವು. ಅಲ್ಲೇ ತಲೆ ಮೇಲೆ ಹೊತ್ತು ಮಾರುವವಳಿಂದ ನಾಲ್ಕು ಬ್ರೆಡ್ಡು ಕೊಂಡೆ. ಆಕ್ರಾದಿಂದ ಊರಿಗೆ ಹೋಗುವವರು ಬರಿಗೈಯಲ್ಲಿ ಹೋಗಬಾರದು, ಬ್ರೆಡ್ಡಾದರೂ ಇರಬೇಕು. ಇಷ್ಟು ಮಾತ್ರ ಮರೆತಿರಲಿಲ್ಲ. ಅಯಿ ಮೆನ್ಸಾ ದಾಟಿ ಗುಡ್ಡ ಏರುವಾಗ ಬೆಳಗಿನ ಹತ್ತು ಗಂಟೆಗೂ ಬಯಲು ಕಾಣಲಿಲ್ಲ. ಹರ್ಮತಾನ್ ಶುರುವಾಗಿತ್ತು. ಸಹಾರಾದ ಕಡೆಯಿಂದ ಬರುವ ಒಣಗಾಳಿ, ಹಿಟ್ಟು ತೂರಿದ ಹಾಗೆ ಧೂಳು. ಸೂರ್ಯ ಸ್ಟೀಲು ತಟ್ಟೆಯಂತೆ ಬೆಳ್ಳಗೆ, ದಿಟ್ಟಿಸಿ ನೋಡಬಹುದು.

ಗುಡ್ಡದ ಬೆನ್ನಿನ ಮೇಲೆ ಊರುಗಳು ಮಣಿ ಪೋಣಿಸಿದ ಹಾಗೆ. ಅಬುರಿ, 1890ರ ಸಸ್ಯೋದ್ಯಾನ ಇರುವ ಊರು. ಆಮೇಲೆ ಮಾಂಪಾಂಗ್. ಟೆಟ್ಟೆ ಕ್ವಾಶಿ 1879ರಲ್ಲಿ ಫರ್ನಾಂಡೊ ಪೋ ದ್ವೀಪದಿಂದ ಕೊಕೊ ಬೀಜ ತಂದು ತೋಟ ಮಾಡಿದ್ದು ಇಲ್ಲಿ. ಘಾನಾ ಇವತ್ತು ಕೊಕೊಗೆ ಹೆಸರಾಗಿರುವುದರ ಮೂಲ ಆ ತೋಟ. ಬಾಸೆಲಿನ ಪಾದ್ರಿಗಳು ಅದಕ್ಕೂ ಮೊದಲೇ ಕೊಕೊ ನೆಟ್ಟು ನೋಡಿದ್ದರು, ಕೈಗೆ ಹತ್ತಲಿಲ್ಲ. ಅಮಾನೊಕ್ರೊಂ, ಮಾಂಫೆ, ಆಮೇಲೆ ಅಕ್ರೊಪಾಂಗ್. ಇಳಿಯುವ ಹೊತ್ತಿಗೆ ನನ್ನ ತುಟಿ ಒಡೆದು ರಕ್ತ ಬಂದಿತ್ತು. ರಸ್ತೆ ಬದಿಯ ಮಕ್ಕಳು “ಒಬ್ರೋನಿ! ಒಬ್ರೋನಿ!” ಅಂತ ಕೂಗಿದರು. ಒಬ್ರೋನಿ ಅಂದರೆ ಬಿಳಿಯ. ನನ್ನ ಬಣ್ಣಕ್ಕೆ ನಮ್ಮೂರಲ್ಲಿ ಯಾರೂ ಅಷ್ಟು ಔದಾರ್ಯ ತೋರಿಸಿದ್ದಿಲ್ಲ.

ಹೆಸರುಗಳ ಬಗ್ಗೆ ಒಂದು ಮಾತು. ಅಮಾ ಅಂದರೆ ಶನಿವಾರ ಹುಟ್ಟಿದ ಹೆಣ್ಣು. ಕೋಫಿ ಅಂದರೆ ಶುಕ್ರವಾರ ಹುಟ್ಟಿದ ಗಂಡು. ಮಂಗಳವಾರ ಹುಟ್ಟಿದ ನಾನು ಅಲ್ಲಿ ಅಬೆನಾ. ಆ ಗುಡ್ಡದ ಮೇಲೆ ನಿಂತು ‘ಅಮಾ’ ಅಂತ ಕೂಗಿದರೆ ಹೆಂಗಸರಲ್ಲಿ ಏಳನೇ ಒಂದು ಪಾಲು ತಿರುಗಿ ನೋಡುತ್ತದೆ. ಹಾಗಾಗಿ ಇಲ್ಲಿ ಹೆಸರು ಬರೆದರೂ ಬರೆಯದ ಹಾಗೇ.

ನಾನಿದ್ದದ್ದು ಸೇಲಂನಲ್ಲಿ. ಮತಾಂತರವಾದವರಿಗಾಗಿ ಊರಿನ ಪಕ್ಕದಲ್ಲಿ ಮಿಷನ್ ಕಟ್ಟಿದ ಕೇರಿಗೆ ಆ ಹೆಸರು. ಒಂದು ಅಕ್ರೊಪಾಂಗಿಗೆ ಮಾತ್ರವಲ್ಲ, ಬಾಸೆಲಿನವರು ಕಾಲಿಟ್ಟ ಊರುಗಳಲ್ಲೆಲ್ಲ ಒಂದೊಂದು ಸೇಲಂ ಇದೆ. ದಪ್ಪ ಕಲ್ಲಿನ ಗೋಡೆ, ಎರಡಂತಸ್ತು, ಸುತ್ತ ಮರದ ಜಗಲಿ, ಸಾಲು ಮಾವಿನಮರ. ಮೊದಲ ಸಲ ನೋಡಿದಾಗ ನಾನು ದಾರಿ ನಡುವೆ ನಿಂತುಬಿಟ್ಟಿದ್ದೆ, ನಮ್ಮ ಬಲ್ಮಠದ ಹಳೇ ಕಟ್ಟಡಗಳನ್ನು ಯಾರೋ ಎತ್ತಿ ಇಲ್ಲಿ ಇಟ್ಟಂತಿತ್ತು. ಒಬ್ಬನೇ ಮೇಸ್ತ್ರಿಯ ಕೈ. ಚೆಂದವೇನೋ ಹೌದು. ಆದರೆ ಊರೊಂದನ್ನು ಕಡಿದು ಎರಡು ಮಾಡಿದ್ದೂ ಅದೇ ಕೈ. ಅಣ್ಣ ಹಳೇ ಊರಿನಲ್ಲಿ, ತಮ್ಮ ಸೇಲಂನಲ್ಲಿ. ಮನೆತನದಿಂದ ಹೊರಬಿದ್ದವರಿಗೆ ಮಿಷನ್ನೇ ಮನೆಯೂ ಕೆಲಸವೂ ಆದದ್ದು ನಮ್ಮಲ್ಲೂ ನಡೆದ ಕಥೆ. ನಮ್ಮ ಹಿರಿಯರಲ್ಲಿ ಎಷ್ಟು ಜನ ಹೆಂಚಿನ ಕಾರ್ಖಾನೆ, ಮಗ್ಗದ ಕಾರ್ಖಾನೆ ಸೇರಿದ್ದು ಹೀಗೆಯೇ. ಮೊದಲ ಮಹಾಯುದ್ಧ ಬಂದು 1917ರ ಡಿಸೆಂಬರಿನಲ್ಲಿ ಬ್ರಿಟಿಷರು ಅಲ್ಲಿಯ ಬಾಸೆಲ್ ಪಾದ್ರಿಗಳನ್ನು ಗಡೀಪಾರು ಮಾಡಿದರು. ಸ್ಕಾಟ್ಲೆಂಡಿನವರು ಬಂದು ವಹಿಸಿಕೊಂಡರು. ಮಿಷನ್ ಹೋಗಿ ನೂರು ವರ್ಷ ದಾಟಿದೆ. ಸೇಲಂ ಇನ್ನೂ ಸೇಲಂ.

ಟೀಚರ್ ಕೋಫಿ ಸೇಲಂನ ಹಳೇ ಕ್ಯಾಟೆಕಿಸ್ಟ್, ಅಂದರೆ ಸಭೆಯಲ್ಲಿ ಧರ್ಮಪಾಠ ಹೇಳುವವರು, ನಾನು ಹೋಗುವಾಗಲೇ ನಿವೃತ್ತರು. ಟ್ವಿ ಅಂತ ಬರೆದು ಚ್ವೀ ಅಂತ ಓದುವ ಆ ಭಾಷೆಯನ್ನು ಸಂಜೆ ಹೊತ್ತು ಜಗಲಿಯಲ್ಲಿ ಕೂರಿಸಿ ನನಗೆ ಕಲಿಸಿದವರು. ದನಿಯ ಏರಿಳಿತದಲ್ಲೇ ಅರ್ಥ ಬದಲಾಗುವ ಭಾಷೆ ಅದು. ‘ಪಪ’ ಅನ್ನುವ ಒಂದೇ ಮಾತು. ಎರಡೂ ಅಕ್ಷರ ಏರಿಸಿದರೆ ಒಳ್ಳೆಯದು, ತಗ್ಗಿಸಿ ಏರಿಸಿದರೆ ಅಪ್ಪ, ಎರಡೂ ತಗ್ಗಿಸಿದರೆ ಬೀಸಣಿಗೆ. ನಾನು ಸಭೆಯಲ್ಲಿ ಎದ್ದು ನಿಂತು, ನನ್ನ ಬೀಸಣಿಗೆ ನಿಮಗೆಲ್ಲ ವಂದನೆ ತಿಳಿಸಿದ್ದಾರೆ ಅಂದಿದ್ದೆ. ಅದಾದ ಮೇಲೆ ಎಷ್ಟೋ ತಿಂಗಳು ಟೀಚರ್ ಕೋಫಿ ನನ್ನನ್ನು ಕಂಡಾಗಲೆಲ್ಲ “ಬೀಸಣಿಗೆ ಕ್ಷೇಮವಾ?” ಅಂತಲೇ ವಿಚಾರಿಸುತ್ತಿದ್ದರು.

ಅವರ ಹತ್ತಿರ ಕ್ರಿಸ್ಟಾಲರ್ ಮಾಡಿದ ಟ್ವಿ ನಿಘಂಟು ಇತ್ತು. ಯೋಹಾನ್ ಗೊಟ್ಲೀಬ್ ಕ್ರಿಸ್ಟಾಲರ್ ಬಾಸೆಲಿನಲ್ಲಿ ಕಲಿತು 1853ರಲ್ಲಿ ಅಲ್ಲಿಗೆ ಬಂದವನು. ಒಂದು ಸಂಜೆ ನಾನು ಅಂದೆ: “ನಮ್ಮ ಕಿಟೆಲ್ ಕೂಡ ಬಾಸೆಲಿನಲ್ಲೇ ಕಲಿತದ್ದು, ಅದೇ 1853ರಲ್ಲಿ ನಮ್ಮಲ್ಲಿಗೆ ಬಂದದ್ದು, ನಿಘಂಟೇ ಮಾಡಿದ್ದು.” ಟೀಚರ್ ಕೋಫಿ ಕನ್ನಡಕ ತೆಗೆದರು. ಒಂದೇ ಶಾಲೆಯ ಎರಡು ಹುಡುಗರು, ಒಬ್ಬ ಇಲ್ಲಿಗೆ, ಒಬ್ಬ ನಿಮ್ಮಲ್ಲಿಗೆ! ಅವರಿಗೆ ಎಷ್ಟು ಖುಷಿಯಾಯಿತೆಂದರೆ ಮರುದಿನ ಬೀದಿಯಲ್ಲಿ ಸಿಕ್ಕವರಿಗೆಲ್ಲ ನಾನು ದಾಯಾದಿ ಅಂತ ಪರಿಚಯ ಮಾಡಿಸಿದರು. ಆಮೇಲೆ ದಾಯಾದಿ ಮತ್ಸರವೂ ಶುರುವಾಯಿತು. “ನಮ್ಮದು 1881ರಲ್ಲಿ ಅಚ್ಚಾಯಿತು. ನಿಮ್ಮದು?” “1894.” “ಹದಿಮೂರು ವರ್ಷ ಏನು ಮಾಡುತ್ತಿದ್ದ ನಿಮ್ಮವನು?” “ನಮ್ಮದು ದಪ್ಪ ಇದೆ ಟೀಚರ್.” “ದಪ್ಪ ಇದ್ದರೆ ಆಯಿತಾ?”

ಒಂದು ವಿಷಯದಲ್ಲಿ ಮಾತ್ರ ಅವರು ತಮಾಷೆ ಮಾಡುತ್ತಿರಲಿಲ್ಲ. ಕ್ರಿಸ್ಟಾಲರ್ ಒಬ್ಬನೇ ಕೂತು ಟ್ವಿ ಕಲಿತನಾ? ಹೇಳಿಕೊಟ್ಟವರು ಯಾರು? ಅಕ್ರೊಪಾಂಗಿನವರೇ ಆದ ಡೇವಿಡ್ ಅಸಾಂಟೆ ಬಾಸೆಲಿಗೆ ಹೋಗಿ ಓದಿಬಂದವರು, ಕ್ರಿಸ್ಟಾಲರನ ಕೆಲಸದಲ್ಲಿ ಅವರ ಪಾಲು ಎಷ್ಟು? ರೀಸ್‌ನ ವಿಷಯವೂ ಹಾಗೇ. ವರ್ಷಗಟ್ಟಲೆ ಉಪದೇಶ ಮಾಡಿದರೂ ಒಬ್ಬರೂ ದೀಕ್ಷಾಸ್ನಾನಕ್ಕೆ ಬರಲಿಲ್ಲ. ನಿಮ್ಮ ಪುಸ್ತಕ ಓದಬಲ್ಲ ಕಪ್ಪು ಮನುಷ್ಯರನ್ನು ತೋರಿಸು, ಆಮೇಲೆ ನೋಡೋಣ ಅಂತ ಅರಸ ಅಡ್ಡೊ ದಾಂಕ್ವಾ ಹೇಳಿದನೆಂಬುದು ಅಲ್ಲಿಯ ಮಾತು. ರೀಸ್ ಜಮೈಕಾ, ಆಂಟಿಗಾಕ್ಕೆ ಹೋಗಿ 1843ರಲ್ಲಿ ಅಲ್ಲಿಯ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ಕಪ್ಪು ಕುಟುಂಬಗಳನ್ನು ಕರೆತಂದ. “ಆ ಮಾವಿನ ಮರ ನೋಡು, ಆ ಜಾತಿ ತಂದವರು ಅವರು. ಸಭೆ ಕಟ್ಟಿದವರೂ ಅವರೇ. ಹೆಸರು ಬಂದದ್ದು ಮಾತ್ರ ಮನೆ ಕಟ್ಟಿದವನಿಗೆ” ಅನ್ನುತ್ತಿದ್ದರು ಟೀಚರ್ ಕೋಫಿ. ‘ಇಯರ್ ಆಫ್ ರಿಟರ್ನ್’ ಫಲಕ ಕಂಡಿದ್ದರೆ, ನಮ್ಮೂರಿಗೆ ಅವರು 1843ರಲ್ಲೇ ವಾಪಸ್ ಬಂದಾಯಿತು ಅಂತ ಖಂಡಿತ ಹೇಳುತ್ತಿದ್ದರು.

ಅವರು ಕಾಣಲಿಲ್ಲ. 2011ರಲ್ಲಿ ತೀರಿಕೊಂಡಿದ್ದರು. ನನಗೆ ಗೊತ್ತಾದದ್ದು ಅಕ್ರೊಪಾಂಗಿನಲ್ಲಿ ಇಳಿದ ಮೇಲೆ, ವಿದ್ಯಾರ್ಥಿಯ ಬಾಯಿಂದ, ಅದೂ “ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ ಮೇಡಮ್” ಅನ್ನುವ ಧಾಟಿಯಲ್ಲಿ. ಆ ದುಃಖದಲ್ಲೇ ಬ್ರೆಡ್ಡಿನ ಚೀಲ ಹಿಡಿದು ಆಂಟಿ ಅಮಾರ ಅಂಗಳಕ್ಕೆ ಹೋಗಿ ಕೂತದ್ದು, ‘ನಿನ್ನ ಮಿಷನ್ ಏನು’ ಅಂತ ಕೇಳಿಸಿಕೊಂಡದ್ದು.

“ಕೆಟ್ಟದ್ದೇನಿಲ್ಲ” ಅಂದೆ, ಅದು ಹೇಳಬೇಕಾದ ಮಾತು. ಮುಂದೆ ಟ್ವಿ ಬರಲಿಲ್ಲ. ನನ್ನನ್ನು ಕಳಿಸಿದ್ದ ಸಮಿತಿಗೆ ವರ್ಷ ವರ್ಷ ವರದಿ ಬರೆದವಳು ನಾನು. ಎಷ್ಟು ಮಕ್ಕಳು ಪಾಸು, ಎಷ್ಟು ಹೊಸ ಬೆಂಚು, ಸ್ಥಳೀಯರೊಂದಿಗಿನ ಸಂಬಂಧ ಹೇಗಿದೆ (ಅದಕ್ಕೆ ಎರಡು ಗೆರೆ ಜಾಗ). ಬಂದ ಕಾರಣ ಹೇಳುವುದೆಂದರೆ ನನಗೆ ಈಗಲೂ ಅಂಕಿ ಬೇಕು. ಕೊನೆಗೆ “ನಿಮ್ಮನ್ನು ನೋಡಿ ಹೋಗೋಣ ಅಂತ, ಅಷ್ಟೇ” ಅಂದೆ. ಆಂಟಿ ಅಮಾ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. “ಅಷ್ಟೇನಾ?” ಅಂದರು. ಆಮೇಲೆ ನನ್ನ ಮುಖ ಹಿಡಿದು, ಒಡೆದ ತುಟಿ ನೋಡಿ, ಮೊಮ್ಮಗನಿಗೆ ಕೂಗಿ ನ್ಕುತೊ ತರಿಸಿದರು. ಶಿಯಾ ಬೀಜದ ಬೆಣ್ಣೆ, ಹರ್ಮತಾನಿಗೆ ಅದೇ ಮದ್ದು. ತಾವೇ ಬೆರಳಲ್ಲಿ ತೆಗೆದು ಹಚ್ಚಿದರು, ನನಗೇನೋ ಐದು ವರ್ಷ ಅನ್ನುವ ಹಾಗೆ. “ಆಗಲೂ ಇದೇ ತುಟಿ, ಈಗಲೂ ಇದೇ ತುಟಿ. ಬುದ್ಧಿ ಬಂದಿಲ್ಲ.”

ಮಧ್ಯಾಹ್ನಕ್ಕೆ ಫುಫು. ಬೇಯಿಸಿದ ಮರಗೆಣಸು, ಬಾಳೆಕಾಯಿ ಹಾಕಿ ಒರಳಿನಲ್ಲಿ ಕುಟ್ಟುವುದು. ಮರದ ಅಗಲ ಒರಳು ನೆಲದ ಮೇಲೆ, ಒನಕೆ ಆಳೆತ್ತರಕ್ಕಿಂತ ಉದ್ದ. ವರ್ಷಗಟ್ಟಲೆ ಕುಟ್ಟಿ ಕುಟ್ಟಿ ಒನಕೆಯ ತುದಿ ನಾರು ಬಿಟ್ಟು ಹಳೇ ಬ್ರಷ್ಷಿನ ಹಾಗೆ ಅಗಲವಾಗಿರುತ್ತದೆ. ಒಬ್ಬರು ನಿಂತು ಕುಟ್ಟಬೇಕು. ಇನ್ನೊಬ್ಬರು ಮೋಟು ಸ್ಟೂಲಿನ ಮೇಲೆ ಕೂತು, ಒನಕೆ ಮೇಲೆದ್ದು ಕೆಳಗೆ ಬರುವುದರೊಳಗೆ ಒದ್ದೆ ಕೈಯಲ್ಲಿ ಮುದ್ದೆಯನ್ನು ಒಳಕ್ಕೆ ಮಡಚಿ ಕೈ ತೆಗೆಯಬೇಕು. ಇಬ್ಬರೂ ಮಾತಾಡುವುದಿಲ್ಲ, ಎಣಿಸುವುದಿಲ್ಲ. 1995ರಲ್ಲಿ ನಾನು ಮಡಚಲು ಕೂತು ಎಣಿಸಿದೆ, ಗಣಿತದವಳಲ್ಲವಾ. ಎಣಿಕೆ ತಪ್ಪಿತು, ನಡುಬೆರಳಿನ ಉಗುರು ಕಪ್ಪಾಗಿ ಕಳಚಿ ಬಿತ್ತು. ಮಕ್ಕಳಿಗೆ ಬಾಗಿಲಿಗೆ ಸಿಕ್ಕಿತು ಅಂತ ಸುಳ್ಳು ಹೇಳಿದ್ದೆ. ಆಗೆಲ್ಲ ಮಧ್ಯಾಹ್ನ ಮೂರರ ಮೇಲೆ ಇಡೀ ಸೇಲಂ ಧಬ್ ಧಬ್ ಅನ್ನುತ್ತಿತ್ತು. ಈಗ ಅಲ್ಲೊಂದು ಇಲ್ಲೊಂದು ಸದ್ದು. ಮಿಲ್ಲಿನಲ್ಲಿ ಹಾಕಿಸಿ ತರುತ್ತಾರೆ.

“ಮಿಲ್ಲಿನದ್ದು ಫುಫು ಅಲ್ಲ, ಅಂಟು. ಲಕೋಟೆ ಅಂಟಿಸಬಹುದು” ಅಂದರು ಆಂಟಿ ಅಮಾ. ಮಂಡಿ ಮಡಚಲು ಆಗದಿದ್ದರೂ ಮಡಚಲು ಅವರೇ ಕೂತರು. ಕುಟ್ಟಿದ್ದು ಮೊಮ್ಮಗ. ಕಿವಿಯಲ್ಲಿ ಇಯರ್‌ಫೋನು, ಅದರಲ್ಲಿ ಏನು ತಾಳವೋ, ಇಲ್ಲಿ ಒನಕೆಯ ತಾಳವೇ ಬೇರೆ. ನನಗೆ ನೋಡಲು ಭಯ. ಎಂಬತ್ತರ ಹತ್ತಿರದ ಆ ಕೈ ಒಳಗೆ ಹೋಗುತ್ತದೆ, ಬರುತ್ತದೆ, ನೀರಿನ ಬಟ್ಟಲಿಗೆ ಮುಳುಗುತ್ತದೆ, ಮತ್ತೆ ಹೋಗುತ್ತದೆ. ಅದರ ನಡುವೆಯೇ ನನ್ನ ಕಡೆ ನೋಡಿಕೊಂಡು ಯಾರ ಮಗಳಿಗೆ ಮದುವೆಯಾಯಿತು, ಯಾರು ಜಾಗ ಮಾರಿದರು ಅಂತ ಸುದ್ದಿ ಹೇಳುತ್ತಿದ್ದರು. ಒರಳಿನ ಕಡೆ ಒಮ್ಮೆಯೂ ನೋಡಲಿಲ್ಲ.

ಊಟಕ್ಕೆ ಕೂತಾಗ ಅಗಿಯಬೇಡ ಅಂತ ಮತ್ತೆ ಹೇಳಿದರು. ಮುದ್ದೆ ನುಂಗುವ ಸೀಮೆಯವರಿಗೆ ಈ ಮಾತು ಯಾರೂ ಹೇಳಬೇಕಾಗಿಲ್ಲ. ಕರಾವಳಿಯವಳಾದ ನನಗೆ ಅದು ಮೂರು ವರ್ಷದಲ್ಲೂ ಪೂರ್ತಿ ಒಗ್ಗಲಿಲ್ಲ.

ಮೂವತ್ತೊಂದರ ರಾತ್ರಿ ಸಭೆಗೆ ಹೋದೆವು. ಅಲ್ಲಿ ಅದು ಕ್ರಿಸ್ಮಸ್ಸಿಗಿಂತ ದೊಡ್ಡದು, ‘ಥರ್ಟಿಫಸ್ಟ್ ನೈಟ್’ ಅಂತಲೇ ಹೆಸರು. ಚರ್ಚು ತುಂಬಿ ಹೊರಗೆ ಕುರ್ಚಿ, ಎಲ್ಲರ ಹೆಗಲಿಗೂ ಹೊದಿಕೆ. ಗುಡ್ಡದ ಮೇಲೆ ಹರ್ಮತಾನಿನ ರಾತ್ರಿ ನಿಜಕ್ಕೂ ಚಳಿ. ಒಂದು ಜರ್ಮನ್ ರಾಗದ ಕೀರ್ತನೆ ಶುರುವಾಯಿತು. ನಾನು ಚಿಕ್ಕಂದಿನಿಂದ ಕನ್ನಡದಲ್ಲಿ ಹಾಡಿದ ರಾಗ, ಪದ ತಾನಾಗಿ ಬಾಯಿಗೆ ಬಂತು. ಎರಡನೇ ಸಾಲಿಗೇ ಆಂಟಿ ಅಮಾ ಮೊಣಕೈಯಲ್ಲಿ ತಿವಿದರು. ನಾನು ಎಳೆಯುತ್ತಿದ್ದೆ. ನಮ್ಮಲ್ಲಿ ಆ ರಾಗ ಹಾರ್ಮೋನಿಯಂ ಜೊತೆ ಶವಯಾತ್ರೆಯ ಹಾಗೆ ಸಾಗುತ್ತದೆ. ಅಲ್ಲಿ ಡ್ರಮ್ಮು ಸೇರಿ ಎಂದೋ ಮುಂದಿನ ಚರಣಕ್ಕೆ ಹೋಗಿಯಾಗಿತ್ತು. ಹನ್ನೆರಡಕ್ಕೆ ಗಂಟೆ, ಪಟಾಕಿ, ಎಲ್ಲರೂ ಎಲ್ಲರಿಗೂ “ಅಫಿಶಾಪ!” ಅದಕ್ಕೆ ಹೇಳಬೇಕಾದ ಮರುಮಾತು ನನಗೆ ಇಷ್ಟ: “ವರ್ಷ ಹೋಗಿ ಬಂದು ನಮ್ಮನ್ನು ಮತ್ತೆ ಕಾಣಲಿ.” ಆ ವರ್ಷ 2020. ಅದು ಹೇಗೆ ಬಂತು, ಯಾರನ್ನು ಕಂಡಿತು, ಯಾರನ್ನು ಕಾಣಲಿಲ್ಲ ಅಂತ ನಾನು ಬರೆಯಬೇಕಾಗಿಲ್ಲ.

ದೂರು ಹೊರಬಿದ್ದದ್ದು ಹೊರಡುವ ಹಿಂದಿನ ದಿನ. ಟೀಚರ್ ಕೋಫಿಯ ಸಮಾಧಿಗೆ ಹೋಗಿ ಬಂದಿದ್ದೆವು. ಆಂಟಿ ಅಮಾ ಮಂಚದಡಿಯಿಂದ ಮೈಲೋ ಡಬ್ಬಿ ಎಳೆದು, ಅದರಲ್ಲಿ ಹುಡುಕಿ, ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟರು. ರಸೀದಿ. ನೀಲಿ ಬಾಲ್‌ಪೆನ್ನಿನಲ್ಲಿ ‘ಮೇಡಮ್ ಅಬೆನಾ, ಇಂಡಿಯಾ. 20 ಸೆಡಿ.’ ಸೆಡಿ ಅಂದರೆ ಘಾನಾದ ದುಡ್ಡು. ತಾರೀಕು 2011ರದು.

ಘಾನಾದಲ್ಲಿ ಸಾವೆಂದರೆ ಶನಿವಾರದ ದೊಡ್ಡ ಕಾರ್ಯ. ಶಾಮಿಯಾನ, ಕೆಂಪು ಕಪ್ಪು ಬಟ್ಟೆ, ನೂರಾರು ಜನ. ಬಂದವರು ಕೈಲಾದಷ್ಟು ‘ನ್ಸಾವಾ’ ಕೊಡುತ್ತಾರೆ. ಮೇಜು ಹಾಕಿ ಕೂತವರು ಅದನ್ನು ಪುಸ್ತಕಕ್ಕೆ ಬರೆದು ರಸೀದಿ ಹರಿಯುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಯಾರು ಬಂದಿದ್ದರು, ಯಾರು ಬರಲಿಲ್ಲ ಅನ್ನುವುದಕ್ಕೆ ಆ ಪುಸ್ತಕವೇ ಸಾಕ್ಷಿ.

“ಮೈಕಿನಲ್ಲಿ ಕೂಗಿದರು. ಇಂಡಿಯಾದ ಅಬೆನಾ ಅಂತ. ಜನ ಚಪ್ಪಾಳೆ ತಟ್ಟಿದರು” ಅಂದರು ಆಂಟಿ ಅಮಾ. “ಕಾರ್ಡು ಬರೆಯುವುದು ನಿಲ್ಲಿಸಿದೆ ಅಂತ ಅವರಿಗೆ ಹೇಳಲಿಲ್ಲ ನಾನು. ನೀನು ಬಂದಿದ್ದೆ. ಪುಸ್ತಕದಲ್ಲಿದೆ.” ಸ್ವಲ್ಪ ತಡೆದು, “ಎಂಟು ವರ್ಷವಾಯಿತು. ನನ್ನ ಇಪ್ಪತ್ತು ಸೆಡಿ ಎಲ್ಲಿ?”

ನಾನು ಕಣ್ಣೊರೆಸಿಕೊಂಡು ಪರ್ಸು ತೆಗೆದೆ. ಇದ್ದದ್ದು ನೂರರ ನೋಟು ಮಾತ್ರ. ಘಾನಾದಲ್ಲಿ ನೂರು, ಇನ್ನೂರರ ನೋಟು ಬಂದದ್ದೇ 2019ರ ನವೆಂಬರ್ 29ಕ್ಕೆ, ಅಂದರೆ ತಿಂಗಳ ಹಿಂದೆ. ಆಂಟಿ ಅಮಾ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು. ಚಿಲ್ಲರೆಗೆ ಮೊಮ್ಮಗನನ್ನು ಅಂಗಡಿಗೆ ಓಡಿಸಿದರೆ, ಇಂಥ ನೋಟು ಕಂಡಿಲ್ಲ ಅಂತ ಅಂಗಡಿಯವಳು ವಾಪಸ್ ಕಳಿಸಿದಳು. ಪೂರ್ತಿ ಇಟ್ಟುಕೊಳ್ಳಿ ಅಂದೆ. ತಪ್ಪಾಯಿತು. ಅವರ ಮುಖ ಗಂಟಾಯಿತು. ಸಾವಿನ ದುಡ್ಡಿಗೆ ಇನಾಮು ಕೊಡುತ್ತಾರಾ ಯಾರಾದರೂ? ಇಪ್ಪತ್ತು ಅಂದರೆ ಇಪ್ಪತ್ತು. 2007ರಲ್ಲಿ ಹಳೇ ಹತ್ತು ಸಾವಿರ ಸೆಡಿ ಒಂದು ಹೊಸ ಸೆಡಿಯಾದಾಗಲೂ ತಾನು ಯಾರಿಗೂ ಒಂದು ಪೆಸೆವಾ ತಪ್ಪಿಸಿಲ್ಲ, ಗೊತ್ತಾ? ಕೊನೆಗೆ ಅವರೇ ತೀರ್ಮಾನ ಹೇಳಿದರು. ನೋಟು ಡಬ್ಬಿಯಲ್ಲಿರಲಿ. ಎಂಬತ್ತು ಅವರು ನನಗೆ ಕೊಡಬೇಕಾದ ಬಾಕಿ. ಮುಂದಿನ ಸಲ ಬಂದಾಗ ಎಣಿಸಿ ಕೊಡುತ್ತಾರೆ. ರಸೀದಿ ನಾನು ತರಬಹುದು, ಸಾಲ ತೀರಿತಲ್ಲ.

ಅದು ಈಗ ನನ್ನ ಬೈಬಲಿನೊಳಗಿದೆ. ತಿಂಗಳಿಗೊಮ್ಮೆ ವಾಟ್ಸಾಪಿನಲ್ಲಿ ಮಾತಾಡುತ್ತೇವೆ, ಮೊಮ್ಮಗ ಫೋನು ಹಿಡಿದುಕೊಳ್ಳುತ್ತಾನೆ. 2022ರ ಕೊನೆಗೆ ಅಲ್ಲಿ ಹಣದುಬ್ಬರ ಶೇಕಡ 50 ದಾಟಿ, ಎಲ್ಲದರ ಬೆಲೆ ವಾರ ವಾರ ಏರುತ್ತಿದ್ದ ಕಾಲ. ಅವತ್ತು ಎತ್ತಿದವರೇ ಕ್ಷೇಮಸಮಾಚಾರವನ್ನೂ ಕೇಳದೆ ಹೇಳಿದರು: “ಅಬೆನಾ, ಯಾವಾಗ ಬರುತ್ತೀ? ನಿನ್ನ ಎಂಬತ್ತು ಡಬ್ಬಿಯೊಳಗೇ ಕರಗಿಹೋಗುತ್ತಾ ಇದೆ.”